ಅಮ್ಮನ ಬಾಯಿಯ ಅಳತೆ

ಡಾಕ್ಟರು ಮಾತಾಡುತ್ತಿದ್ದಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ಅವರ ಬಾಯಿಯನ್ನು. ಮೇಲಿನ ಸಾಲಿನಲ್ಲಿ ಎಡಗಡೆಯ ಎರಡನೆಯ ಹಲ್ಲು ಹುಟ್ಟಿನದಲ್ಲ, ಕಟ್ಟಿಸಿಕೊಂಡದ್ದು. ಪಕ್ಕದ ಹಲ್ಲುಗಳಿಗಿಂತ ಒಂದು ಛಾಯೆ ಹೆಚ್ಚು ಬೆಳ್ಳಗಿತ್ತು. ಯಾರೋ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಹೊಂದಿಸಿದ್ದಾರೆ, ಕಿಟಕಿಯವರೆಗೆ ಎದ್ದು ಹೋಗುವ ತಾಳ್ಮೆ ಇಲ್ಲದವರು, ಎಂದುಕೊಂಡಳು. ಆ ಹಲ್ಲಿನ ಹಿಂದಿನಿಂದ ಮಾತು ಬರುತ್ತಲೇ ಇತ್ತು. ಮೇದೋಜೀರಕದಲ್ಲಿ ಗಡ್ಡೆ. ಪಿತ್ತಜನಕಾಂಗಕ್ಕೂ ಹಬ್ಬಿದೆ. ಆಪರೇಷನ್ನಿನ ಹಂತ ದಾಟಿದೆ. ಹದಿನೈದು ದಿನಕ್ಕೊಮ್ಮೆ ಔಷಧಿ ಏರಿಸಿದರೆ ಒಂದು ವರ್ಷ ಸಿಗಬಹುದು. ಕೆಲವರಿಗೆ ಸ್ವಲ್ಪ ಹೆಚ್ಚು.

ಪಕ್ಕದ ಕುರ್ಚಿಯಲ್ಲಿ ಗಂಡ ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದು ಕೂತಿದ್ದ. ಅವನು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಕಲಿಯುವವರ ಪಕ್ಕ ಕೂತು, ತನ್ನ ಕಾಲ ಬಳಿ ಇರುವ ಇನ್ನೊಂದು ಬ್ರೇಕನ್ನು ತುಳಿಯುವುದು ಇಪ್ಪತ್ತೈದು ವರ್ಷದ ಅಭ್ಯಾಸ.

"ಏನಾದ್ರೂ ಕೇಳೋದಿದೆಯಾ?" ಎಂದರು ಡಾಕ್ಟರು.

"ಕೆಲಸಕ್ಕೆ ಹೋಗ್ಬಹುದಾ?"

"ಏನು ಕೆಲಸ?"

"ಹಲ್ಲು ಮಾಡ್ತೀನಿ. ಹಲ್ಲಿನ ಸೆಟ್ಟು."

"ಓ. ಕೈಯಲ್ಲೇ ಮಾಡೋದಾ?"

"ಮತ್ತೆ? ಬಾಯಲ್ಲಿ ಮಾಡೋಕಾಗುತ್ತಾ?"

ಅವಳು ತಮಾಷೆಗೆ ಹೇಳಿದ್ದಲ್ಲ. ಡಾಕ್ಟರು ನಗಲು ಹೋಗಿ ಅರ್ಧಕ್ಕೆ ಬಿಟ್ಟರು. ಆಮೇಲೆ ಅವಳ ಬೆರಳುಗಳನ್ನು ನೋಡಿ ನಿಧಾನವಾಗಿ ಹೇಳಿದರು. ಕೊಡಲಿರುವ ಔಷಧಿಗಳಲ್ಲಿ ಒಂದು ನರಗಳನ್ನು ಹಿಡಿಯುತ್ತದೆ. ಮೊದಲು ಬೆರಳ ತುದಿ ಜುಮುಗುಟ್ಟುತ್ತದೆ, ಆಮೇಲೆ ಮರಗಟ್ಟುತ್ತದೆ. ತಣ್ಣನೆಯದನ್ನು ಮುಟ್ಟಿದರೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ಶುರುವಾಗುವುದು ಹೆಚ್ಚು.

ಮೂರೋ ನಾಲ್ಕೋ ಸಲ ಎಂದರೆ ಆರು ಏಳು ವಾರ. ಒಂದು ವರ್ಷ ಎಂಬ ಮಾತು ಅವಳೊಳಗೆ ಎಲ್ಲೂ ಹೋಗಿ ತಾಗಲಿಲ್ಲ. ಆರೇಳು ವಾರ ಎಂಬುದು ಮಾತ್ರ ತಾಗಿತು.

ಆಸ್ಪತ್ರೆಯ ಗೇಟಿನ ಹತ್ತಿರ ಗಂಡ, "ಮನೆಗೆ ಹೋಗೋಣ" ಎಂದ. ಅವಳು, "ಲ್ಯಾಬಿನ ಹತ್ರ ಬಿಡಿ ರೀ. ಮೇಲಿನ ಸಾಲು ಒಂದು ಅರ್ಧಕ್ಕೆ ಬಿಟ್ಟು ಬಂದಿದೀನಿ" ಎಂದಳು.

ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹಲ್ಲಕ್ಕ ಎಂದು. ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಮೂರು ಮೇಜುಗಳ ಲ್ಯಾಬು. ಕೆಳಗೆ ಹಲ್ಲಿನ ಡಾಕ್ಟರು ಬಾಯಿಯ ಅಚ್ಚು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ನಂಬರು ಬರೆದ ಡಬ್ಬಿಯಲ್ಲಿಟ್ಟು ಮೇಲೆ ಕಳಿಸುತ್ತಾರೆ. ಮೇಲೆ ಅದರೊಳಗೆ ಪ್ಲಾಸ್ಟರ್ ಸುರಿಯುತ್ತಾರೆ; ಬಿಳಿಯ ದವಡೆಯೊಂದು ಎದ್ದು ಬರುತ್ತದೆ. ಅದರ ಮೇಲೆ ಗುಲಾಬಿ ಮೇಣದ ವಸಡು ಕಟ್ಟಿ, ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸಿ, ಒಂದೊಂದೇ ಹಲ್ಲನ್ನು ಮೇಣದಲ್ಲಿ ಕೂರಿಸುವುದು ಹಲ್ಲಕ್ಕನ ಕೆಲಸ. ಮೂವತ್ತೆರಡು ವರ್ಷದಲ್ಲಿ ಅವಳು ಎಷ್ಟು ಬಾಯಿ ತುಂಬಿಸಿದ್ದಾಳೋ, ಅಮ್ಮನದೊಂದು ಬಿಟ್ಟರೆ ಆ ಬಾಯಿಗಳ ಮುಖ ಒಂದನ್ನೂ ನೋಡಿಲ್ಲ. ನಂಬರು ಮೇಲೆ ಬರುತ್ತದೆ, ಸೆಟ್ಟು ಕೆಳಗೆ ಹೋಗುತ್ತದೆ.

ಪ್ಲಾಸ್ಟರ್ ಕಲಸುವವನನ್ನು ಲ್ಯಾಬಿನಲ್ಲಿ ಮೇಸ್ತ್ರಿ ಎನ್ನುತ್ತಿದ್ದರು. ಹಲ್ಲಕ್ಕನಿಗಿಂತ ಎರಡು ವರ್ಷ ಚಿಕ್ಕವನು. ಮೊಣಕೈವರೆಗೂ ಬಿಳಿ, ಹುಬ್ಬಿನಲ್ಲೂ ಬಿಳಿ.

"ಏನಂದ್ರಕ್ಕಾ ಡಾಕ್ಟ್ರು? ಗ್ಯಾಸಾ?"

"ಕ್ಯಾನ್ಸರ್."

ಮೇಸ್ತ್ರಿ ರಬ್ಬರ್ ಬಟ್ಟಲಿನಲ್ಲಿ ಕಲಸುತ್ತಿದ್ದ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಪ್ಲಾಸ್ಟರ್ ಗಟ್ಟಿಯಾಗುತ್ತದೆ. ಕಲಸಿ, ಅಚ್ಚಿಗೆ ಸುರಿದು, ಗುಳ್ಳೆ ಏಳದಂತೆ ಮೇಜಿಗೆ ತಟ್ಟಿ ತಟ್ಟಿ ಕೂರಿಸಿ, ಬಟ್ಟಲು ತೊಳೆದು, ಆಮೇಲೆ ಸ್ಟೂಲಿನ ಮೇಲೆ ಕೂತ. ಹಲ್ಲಕ್ಕ ಅಷ್ಟರಲ್ಲಿ ಎರಡು ಕೋರೆಹಲ್ಲು ಕೂರಿಸಿ ಮುಗಿಸಿದ್ದಳು.

ಅವಳಿಗೊಂದು ಗುರಿ ಇತ್ತು. ಒಂಬತ್ತು ವರ್ಷದಿಂದ ಇತ್ತು. ಮನೆಯ ತಾರಸಿಯ ಮೇಲೆ ಒಂದು ಕೋಣೆ, ತನ್ನದೇ ಲ್ಯಾಬು. ಗೋಡೆ ಎದ್ದಿತ್ತು. ಉತ್ತರಕ್ಕೆ ದೊಡ್ಡ ಕಿಟಕಿ ಇಡಿಸಿದ್ದಳು, ಹಲ್ಲಿನ ಬಣ್ಣ ನೋಡಲು ಆ ಬೆಳಕೇ ಆಗಬೇಕೆಂದು. ಸೊಂಟದ ಎತ್ತರಕ್ಕೆ ಕಲ್ಲಿನ ಕಟ್ಟೆ ಹಾಕಿಸಿದ್ದಳು. ಉಳಿದಿದ್ದದ್ದು ಸಿಂಕು, ನಲ್ಲಿ. ಆ ಕೋಣೆಯಿಂದ ಹೊರಗೆ ಹೋಗುವ ಮೊದಲ ಸೆಟ್ಟು ಅಮ್ಮನದು ಎಂದು ತೀರ್ಮಾನಿಸಿದ್ದಳು. ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೂರನೆಯ ದಿನ ತಾರಸಿಗೆ ಹೋಗಿ ಆ ಕೋಣೆಯ ಬಾಗಿಲಲ್ಲಿ ನಿಂತಳು. ಅಳು ಬರಬೇಕಿತ್ತು ಎಂದು ಅವಳಿಗೇ ಅನ್ನಿಸಿತು. ಬರಲಿಲ್ಲ. ಯಾರದ್ದೋ ಮನೆಗೆ ವಿಳಾಸ ತಪ್ಪಿ ಬಂದ ಹಾಗೆ ಸುತ್ತ ನೋಡಿದಳು. ಆ ವಾರದಿಂದ ಗಂಡ ಬಟ್ಟೆಯನ್ನು ಅಲ್ಲೇ ಒಣಗಿಸತೊಡಗಿದ. ಅವಳು ಬೇಡ ಎನ್ನಲಿಲ್ಲ.

ತಂಗಿ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದಳು. ಅಮ್ಮ ಇರುವುದು ತಂಗಿಯ ಮನೆಯಲ್ಲಿ, ಬಸ್ಸಿನಲ್ಲಿ ನಾಲ್ಕು ನಿಲ್ದಾಣ ಆಚೆ.

"ಅಕ್ಕಾ, ನಿಂಗೇನು ಆಸೆ ಇದೆ ಹೇಳು. ಏನಿದ್ರೂ ಹೇಳು."

"ಊಟಕ್ಕೇನು ಮಾಡ್ಲಿ ಅಂತ ಕೇಳೋ ಹಾಗೆ ಕೇಳ್ತಿದೀಯಲ್ಲೇ."

"ತಮಾಷೆ ಬೇಡ. ಸಮುದ್ರ ನೋಡ್ಬೇಕಾ? ವಿಮಾನ ಹತ್ತಬೇಕಾ? ನೀನು ಒಂದು ಸಲಾನೂ ವಿಮಾನ ಹತ್ತಿಲ್ಲ."

"ಹತ್ತಿದ್ರೆ ಇಳೀಲೇಬೇಕಲ್ಲ."

"ಮತ್ತಿನ್ನೇನು ಬೇಕು ನಿಂಗೆ?"

ಹಲ್ಲಕ್ಕ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ತಂಗಿಯ ಮನಸ್ಸು ನೋಯಬಾರದೆಂದು. ಬೇಕು ಎಂದು ಕೈ ಚಾಚುವ ಜಾಗ ಒಳಗೆ ಎಲ್ಲೋ ಇತ್ತಲ್ಲ, ಅದನ್ನು ತಡಕಿದಳು. ಅಲ್ಲಿ ಏನೂ ಸಿಗಲಿಲ್ಲ.

"ಅಮ್ಮನಿಗೆ ಮಾತ್ರ ಹೇಳ್ಬೇಡ" ಎಂದಳು ತಂಗಿ. "ಎಂಬತ್ತು ದಾಟಿದೆ. ತಡ್ಕೊಳ್ಳಲ್ಲ."

"ಹೂಂ" ಎಂದಳು ಹಲ್ಲಕ್ಕ.

ಮೊದಲ ಸಲದ ಔಷಧಿ ಆದ ಮೇಲಿನ ಭಾನುವಾರ ತಂಗಿಯ ಮನೆಗೆ ಹೋದಳು. ಎಲ್ಲರೂ ಊಟಕ್ಕೆ ಕೂತಿದ್ದರು. ಅಮ್ಮ ತುತ್ತನ್ನು ಬಾಯಿಗಿಟ್ಟು, ನಾಲಿಗೆಯಿಂದ ಎಡಕ್ಕೆ ತಳ್ಳಿ, ಎಡಗಡೆಯಲ್ಲೇ ಅಗಿದಳು. ಅಗಿಯುವಾಗ ಗಲ್ಲ ಎಡಕ್ಕೆ ಜಾರುತ್ತಿತ್ತು, ಮುಖವೇ ಒಂದು ಪಕ್ಕಕ್ಕೆ ವಾಲುತ್ತಿತ್ತು. ಮೂವತ್ತೆರಡು ವರ್ಷದಿಂದ, ಜೊತೆಗೆ ಕೂತ ಪ್ರತಿ ಊಟದಲ್ಲೂ ಹಲ್ಲಕ್ಕ ಅದನ್ನು ನೋಡಿದ್ದಾಳೆ. ಪ್ರತಿ ಸಲವೂ ತಟ್ಟೆಯ ಕಡೆ ಕಣ್ಣು ಹೊರಳಿಸಿದ್ದಾಳೆ.

ಅದು ಅವಳು ಮಾಡಿದ ಮೊದಲ ಸೆಟ್ಟು. ಲ್ಯಾಬಿಗೆ ಸೇರಿ ಐದು ತಿಂಗಳಾಗಿತ್ತು. ವಸಡಿನ ಕಾಯಿಲೆಯಿಂದ ಅಮ್ಮನ ಹಲ್ಲೆಲ್ಲ ನಲವತ್ತೆಂಟಕ್ಕೇ ಉದುರಿದ್ದವು. "ನಾನೇ ಮಾಡ್ತೀನಿ" ಎಂದು ಹೊರಟವಳಿಗೆ ಇಪ್ಪತ್ತೆರಡು. ಮೇಲಿನ ದವಡೆಗೂ ಕೆಳಗಿನದಕ್ಕೂ ಹೊಂದಿಕೆ ಹಿಡಿಯಲು ಮೇಣದ ಪಟ್ಟಿಗಳನ್ನು ಬಾಯಲ್ಲಿಟ್ಟು ಮುಚ್ಚಿಸುತ್ತಾರೆ. ಆಗ ಕಚ್ಚು ಎನ್ನಬಾರದು, ನುಂಗು ಎನ್ನಬೇಕು. ಹಲ್ಲಿಲ್ಲದವರಿಗೆ ಕಚ್ಚು ಎಂದರೆ ದವಡೆಯನ್ನು ಮುಂದಕ್ಕೋ ಪಕ್ಕಕ್ಕೋ ತಳ್ಳುತ್ತಾರೆ; ಉಗುಳು ನುಂಗಿದರೆ ಅದು ತಾನಾಗಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟಿದ್ದರು. ಅಮ್ಮನ ಎದುರು ನಿಂತಾಗ ಅದು ಮರೆತು, "ಕಚ್ಚಮ್ಮಾ" ಎಂದುಬಿಟ್ಟಿದ್ದಳು. ಅಮ್ಮ ಮಗಳು ಹೇಳಿದಳೆಂದು ಗಟ್ಟಿಯಾಗಿ ಕಚ್ಚಿದಳು. ದವಡೆ ಎಡಕ್ಕೆ ಸರಿಯಿತು. ಸೆಟ್ಟು ಆ ಓರೆಗೇ ತಯಾರಾಯಿತು. ಅಮ್ಮ ಹಾಕಿಕೊಂಡು ಕನ್ನಡಿ ನೋಡಿ, "ಚೆನ್ನಾಗಿದೆ" ಎಂದಳು. ಅಷ್ಟೇ. ಹೊಸದು ಮಾಡಿಕೊಡುತ್ತೇನೆಂದು ಮಗಳು ಹೇಳಿದಾಗಲೆಲ್ಲ, "ಇದಕ್ಕೇನಾಗಿದೆ?" ಎಂದು ಬಾಯಿ ಮುಚ್ಚಿಸಿದಳು. ನಡುವೆ ಎರಡು ಸಲ ಸೀಳಿತ್ತು, ಅಂಟಿಸಿದ್ದಾಯಿತು. ದವಡೆಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು.

ತಟ್ಟೆಯ ಮೇಲಿನಿಂದ ಕಣ್ಣೆತ್ತಿ ಹಲ್ಲಕ್ಕ ಹೇಳಿದಳು: "ಅಮ್ಮಾ, ನಿಂಗೆ ಹೊಸ ಸೆಟ್ಟು ಮಾಡ್ತೀನಿ. ಬುಧವಾರ ಅಚ್ಚು ತೆಗೀಬೇಕು, ಬಾ."

"ಈಗ್ಯಾಕೆ? ನಾನಿನ್ನು ಎಷ್ಟು ದಿನ ಅಂತ. ಸುಮ್ನೆ ನಿಂಗೆ ಕೆಲಸ."

ತಂಗಿಯ ಕೈ ತಟ್ಟೆಯಲ್ಲೇ ನಿಂತಿತು. ಹಲ್ಲಕ್ಕ ನೀರು ಕುಡಿದಳು.

"ಬಾ ಅಂದ್ರೆ ಬಾ" ಎಂದಳು.

ಅದನ್ನು ಆಸೆ ಎನ್ನಬಹುದೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಸಾಯುವುದರೊಳಗೆ ಅಮ್ಮನ ಬಾಯಲ್ಲಿ ನೆಟ್ಟಗಿನ ಸೆಟ್ಟೊಂದು ಇರಬೇಕು, ಬೆರಳು ಸಾಯುವುದರೊಳಗೆ ಅದು ಆಗಬೇಕು. ಕೋಣೆ, ಸಿಂಕು, ಬಾಗಿಲ ಮೇಲೆ ಹಾಕಬೇಕಿದ್ದ ಬೋರ್ಡು ಎಲ್ಲ ಉದುರಿ, ಒಂಬತ್ತು ವರ್ಷದ ಗುರಿಯಲ್ಲಿ ಇಷ್ಟು ಉಳಿದಿತ್ತು.

ಬುಧವಾರ ಮಧ್ಯಾಹ್ನ ಹಲ್ಲಿನ ಡಾಕ್ಟರು ಊಟಕ್ಕೆ ಒಳಗೆ ಹೋಗುವಾಗ, "ಕುರ್ಚಿ ನಿಮ್ದು, ಒಂದು ಗಂಟೆ. ಕಷ್ಟ ಆದ್ರೆ ಕೂಗಿ" ಎಂದರು. ಅಮ್ಮ ಆ ದೊಡ್ಡ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಒರಗಿದಳು. ಹಳೆಯ ಸೆಟ್ಟನ್ನು ತೆಗೆದು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಸೆಟ್ಟಿಲ್ಲದ ಮುಖ ಒಳಕ್ಕೆ ಕುಸಿದು ಬೇರೆ ಯಾರೋ ಆಗಿಬಿಟ್ಟಿತು.

ಹಲ್ಲಕ್ಕ ಅಚ್ಚಿನ ಹಿಟ್ಟು ಕಲಸಿ, ದವಡೆಯಾಕಾರದ ಸಣ್ಣ ತಟ್ಟೆಗೆ ತುಂಬಿ, ಅಮ್ಮನ ಬಾಯೊಳಗಿಟ್ಟು ಎರಡು ಬೆರಳಿನಿಂದ ಒತ್ತಿ ಹಿಡಿದಳು.

"ಅಲುಗಾಡ್ಬಾರ್ದು. ಮಾತಾಡ್ಬಾರ್ದು. ಮೂಗಲ್ಲಿ ಉಸಿರಾಡು. ನಾಲ್ಕು ನಿಮಿಷ."

ಗೋಡೆಯ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು. ಬೆರಳಿಗೆ ಅಮ್ಮನ ಅಂಗುಳದ ಬಿಸಿ ತಾಗುತ್ತಿತ್ತು. ಹೇಳಬೇಕೆಂದು ಅವಳು ಬಂದಿರಲಿಲ್ಲ.

"ಅಮ್ಮಾ, ನಂಗೆ ಹೊಟ್ಟೇಲಿ ಗಡ್ಡೆ ಆಗಿದೆ. ಕ್ಯಾನ್ಸರ್. ವಾಸಿ ಆಗೋದಲ್ವಂತೆ. ಒಂದು ವರ್ಷ ಅಂದಿದಾರೆ."

ಅಮ್ಮನ ಕಣ್ಣು ಮೇಲಿನ ದೀಪದ ಕಡೆಗಿತ್ತು. ಅಲ್ಲೇ ಇತ್ತು. ಚೀಲದ ಹಿಡಿಕೆಯ ಮೇಲೆ ಬೆರಳುಗಳು ಬಿಗಿಯಾದವು. ಕಣ್ಣಿನ ಮೂಲೆಯಿಂದ ನೀರು ಇಳಿದು, ಮುಖ ಒರಗಿದ್ದರಿಂದ ಕೆನ್ನೆಗೆ ಬರದೆ, ನೇರ ಕಿವಿಯೊಳಗೆ ಹೋಯಿತು. ಹಲ್ಲಕ್ಕ ಇನ್ನೊಂದು ಕೈಯಿಂದ ಕಿವಿ ಒರೆಸಿದಳು. ಮುಳ್ಳು ಎರಡನೆಯ ಸುತ್ತು ಮುಗಿಸಿತು. ಮೂರನೆಯದು. ನಾಲ್ಕನೆಯದು.

ತಟ್ಟೆ ಹೊರಗೆ ಬಂತು. ಹಲ್ಲಕ್ಕ ಮೊದಲು ನೋಡಿದ್ದು ಅಚ್ಚನ್ನು. ಅಂಗುಳದ ಗೆರೆಗಳೆಲ್ಲ ಒಂದೂ ಬಿಡದೆ ಮೂಡಿದ್ದವು. ಅಂಚು ಎಲ್ಲೂ ಎಳೆದಿರಲಿಲ್ಲ. ಅಮ್ಮ ಕೂದಲಷ್ಟೂ ಅಲುಗಾಡಿರಲಿಲ್ಲ.

ಅಮ್ಮ ಬಾಯಿ ಮುಕ್ಕಳಿಸಿ, ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡಳು.

"ಬಾಯಿ ಕಟ್ಟಿ ಹೇಳಿದ್ಯಲ್ಲೇ" ಎಂದಳು. ಹಲ್ಲಿಲ್ಲದೆ ಮಾತು ಗಾಳಿಯಾಗಿ ಬಂತು.

"ಎದುರು ಮಾತಾಡ್ತೀಯ ಅಂತ."

"ಆಡ್ತಿದ್ದೆ. ನಂದು ಮೊದಲು ಆಗ್ಬೇಕಿತ್ತು ಅಂತಿದ್ದೆ."

"ಗೊತ್ತು."

ಒಳಕೋಣೆಯಲ್ಲಿ ಡಾಕ್ಟರ ಚಮಚ ಡಬ್ಬಿಗೆ ತಾಗುವ ಸದ್ದು.

"ಕೆಳಗಿನದ್ದೂ ತೆಗೀಬೇಕಾ?" ಎಂದಳು ಅಮ್ಮ.

"ಹೂಂ."

ಅಮ್ಮ ಬಾಯಿ ತೆರೆದಳು.

ಮುಂದಿನ ವಾರ ಹೊಂದಿಕೆ ಹಿಡಿಯುವಾಗ ಹಲ್ಲಕ್ಕ "ನುಂಗಮ್ಮಾ" ಎಂದಳು. ಮತ್ತೆ ಮತ್ತೆ ನುಂಗಿಸಿದಳು. ಏಳನೆಯ ಸಲಕ್ಕೆ ಅಮ್ಮನ ದವಡೆ ಸುಸ್ತಾಗಿ ನಡುವಿಗೆ ಬಂದು ಕೂತಿತು. ಆ ಅಳತೆಯನ್ನೇ ಹಿಡಿದು ಮೇಲೆ ಒಯ್ದು, ಪ್ಲಾಸ್ಟರಿನ ಎರಡು ದವಡೆಗಳನ್ನು ಬಾಯಿಯ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಕೀಲಿಗೆ ಕೂರಿಸಿ, ಹಲ್ಲು ಜೋಡಿಸತೊಡಗಿದಳು.

ಅಷ್ಟರಲ್ಲಿ ಎರಡನೆಯ ಸಲದ ಔಷಧಿ ಆಗಿತ್ತು. ತಣ್ಣೀರಿಗೆ ಕೈ ಹಾಕಿದರೆ ಸಾವಿರ ಸೂಜಿ. ಒಂದು ದಿನ ಮೇಸ್ತ್ರಿ ಇಲ್ಲದಾಗ ಬೆಚ್ಚನೆಯ ನೀರಲ್ಲಿ ಪ್ಲಾಸ್ಟರ್ ಕಲಸಿದಳು, ಬಟ್ಟಲಿನಲ್ಲೇ ಕಲ್ಲಾಯಿತು. ಮೇಸ್ತ್ರಿ ಬಂದು ಬಟ್ಟಲು ತಲೆಕೆಳಗೆ ಮಾಡಿ ತಟ್ಟಿದ.

"ಏನಕ್ಕಾ ಇದು, ಇಡ್ಲಿ ಬೇಯಿಸಿದ್ದೀರಾ? ಬಿಸಿನೀರು ಹಾಕಿದ್ರೆ ಓಡಿಹೋಗಿ ಗಟ್ಟಿ ಆಗುತ್ತೆ ಅಂತ ನಂಗೆ ಹೇಳಿಕೊಟ್ಟೋರು ನೀವೇ."

"ತಣ್ಣೀರು ಮುಟ್ಟೋಕಾಗಲ್ಲ ಕಣೋ."

"ಅದಕ್ಕೆ ನಾನು ಸತ್ತಿದೀನಾ?" ಎಂದು ಹೇಳಿದವನು ನಾಲಿಗೆ ಕಚ್ಚಿಕೊಂಡ. ಹಲ್ಲಕ್ಕನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು ಬಾಯಿಯವರೆಗೆ ಬಂದು ಅಲ್ಲೇ ತಣ್ಣಗಾಯಿತು.

ಮೂರನೆಯ ಸಲ ಆದ ಮೇಲೆ, ಒಂದು ಬೆಳಗ್ಗೆ ಮೇಣ ಕೆತ್ತುತ್ತಿದ್ದಾಗ ಮೇಸ್ತ್ರಿ ಮೂಗೆತ್ತಿ, "ಏನೋ ಸುಡ್ತಿದೆ" ಎಂದ. ಇಬ್ಬರೂ ದೀಪ ನೋಡಿದರು, ಬಟ್ಟೆ ನೋಡಿದರು. ಸುಡುತ್ತಿದ್ದದ್ದು ಹಲ್ಲಕ್ಕನ ತೋರುಬೆರಳು. ಕಾದ ಚಾಕುವಿನ ಬೆನ್ನಿಗೆ ಒರಗಿಕೊಂಡಿತ್ತು. ಅವಳು ಬೆರಳನ್ನು ಎತ್ತಿ, ಬೇರೆಯವರ ಬೆರಳನ್ನು ನೋಡಿದ ಹಾಗೆ ನೋಡಿದಳು.

ಮೇಣದಲ್ಲಿ ಜೋಡಿಸಿದ ಸೆಟ್ಟನ್ನು ಗಟ್ಟಿ ಮಾಡುವ ಮೊದಲು ಒಮ್ಮೆ ಬಾಯಿಗಿಟ್ಟು ನೋಡುವುದು ಕ್ರಮ. ಅಮ್ಮನ ಜೊತೆ ತಂಗಿಯೂ ಬಂದಿದ್ದಳು. ಅಮ್ಮನಿಗೆ ಹೇಳಿಬಿಟ್ಟಿದ್ದಕ್ಕೆ ಅಕ್ಕನ ಮೇಲೆ ಅವಳಿಗಿನ್ನೂ ಸಿಟ್ಟು. ಆದರೂ ಅಮ್ಮನ ಬಾಯಿಗೆ ಸೆಟ್ಟು ಕೂತ ಕೂಡಲೇ ಕೂಗಿಬಿಟ್ಟಳು.

"ಅಯ್ಯೋ ಅಮ್ಮಾ! ಹತ್ತು ವರ್ಷ ಚಿಕ್ಕೋಳಾಗಿಬಿಟ್ಟೆ!"

ನಿಜ. ಮುಖ ನೆಟ್ಟಗಾಗಿತ್ತು. ಮೂಗಿನ ನೇರಕ್ಕೆ ಮುಂಬಲ್ಲುಗಳ ನಡುಗೆರೆ, ಅದರ ನೇರಕ್ಕೆ ಗಲ್ಲ. ಮೂವತ್ತೆರಡು ವರ್ಷದ ಓರೆ ಹೋಗಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಲ್ಲಕ್ಕ ಮಾಡಬೇಕಿದ್ದ ಸೆಟ್ಟು ಕಡೆಗೂ ಅಲ್ಲಿತ್ತು.

ಅಮ್ಮ ಕನ್ನಡಿಯಲ್ಲಿ ನೋಡಿಕೊಂಡಳು. ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ" ಎಂದಳು.

ಅದೇ ಮಾತು. ಅದೇ ದನಿ. ಹಲ್ಲಕ್ಕ ಬಗ್ಗಿ ಅಮ್ಮನ ಕಿವಿಯ ಕೆಳಗೆ ನೋಡಿದಳು. ಎಡಗಡೆಯ ಸ್ನಾಯು ಚರ್ಮದ ಅಡಿಯಲ್ಲಿ ಅದುರುತ್ತಿತ್ತು, ಹಗ್ಗ ಬಿಗಿಹಿಡಿದವರ ತೋಳಿನ ಹಾಗೆ.

"ಸಕ್ಕರೆ ಅನ್ನು. ಸಾಸಿವೆ ಅನ್ನು. ಸೊಸೆ ಅನ್ನು."

"ಸೊಸೆ ಎಲ್ಲಿಂದ ತರ್ಲಿ, ಹೆತ್ತಿದ್ದೆರಡೂ ಹೆಣ್ಣು" ಎಂದಳು ಅಮ್ಮ. ಪ್ರತಿ ಸ ಅಕ್ಷರಕ್ಕೂ ಶಿಳ್ಳೆ ಬಂತು. ಮೇಲಿನ ಹಲ್ಲು ಕೆಳಗಿನದಕ್ಕೆ ಟಕ್ಕೆಂದು ಹೊಡೆಯಿತು. ದವಡೆ ಎಡಕ್ಕೆ ಹೋಗಲು ನೋಡಿ, ಅಲ್ಲಿ ಹಲ್ಲು ಸಿಗದೆ, ಮರಳಿ ಬಂದು, ಮತ್ತೆ ಹೋಯಿತು.

"ಅಮ್ಮಾ, ಚೆನ್ನಾಗಿದೆ ಅನ್ಬೇಡ. ಆವತ್ತೂ ಅದನ್ನೇ ಅಂದೆ."

"ಆವತ್ತು ಚೆನ್ನಾಗೇ ಇತ್ತು."

"ಇರ್ಲಿಲ್ಲ. ಎರಡು ತಿಂಗಳು ನೀನು ಅಗಿಯೋದು ಏನೂ ತಿನ್ನಲಿಲ್ಲ. ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ನಾನು ಕೆಡಿಸಿದ್ದೆ. ನಿನ್ನ ಮುಖಾನೇ ಓರೆ ಮಾಡಿದ್ದೆ."

ಅಮ್ಮ ಸೆಟ್ಟು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಮೇಣ ಮೆತ್ತಗೆಂದು ಗೊತ್ತಿದ್ದವಳ ಹಾಗೆ ಹಗುರವಾಗಿ ಹಿಡಿದಳು.

"ಬಾಯಿ ಕಲೀತು ಕಣೇ. ನೀನು ಮಾಡಿದ್ದು ಅಂತ ಕಲೀತು. ಈಗ ನನ್ನ ಬಾಯಿಗೆ ಅದೇ ನೆಟ್ಟಗೆ. ಇದನ್ನ ಹಾಕ್ಕೊಂಡ್ರೆ ಯಾರದ್ದೋ ಬಾಯಲ್ಲಿ ಕೂತಿದೀನಿ ಅನ್ಸುತ್ತೆ. ಕಲಿಯೋಕೆ ಆಗಲ್ಲ ಅಂತಲ್ಲ. ವರ್ಷ ಹಿಡಿಯುತ್ತೆ. ಅಷ್ಟರಲ್ಲಿ..."

ತಂಗಿ ಎದ್ದು ಹೊರಗೆ ಹೋದಳು.

ಆ ಸಂಜೆ ಹಲ್ಲಕ್ಕ ನೆಟ್ಟಗಿನ ಸೆಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಒಳ್ಳೆಯ ಕೆಲಸ. ಯಾವ ಪರೀಕ್ಷೆಗಾದರೂ ಇಡಬಹುದು. ಮೂವತ್ತೆರಡು ವರ್ಷ ಎದೆಯಲ್ಲಿಟ್ಟುಕೊಂಡ ತಪ್ಪನ್ನು ಅಳಿಸುವುದಕ್ಕೆ ಇದ್ದದ್ದು ಇದೊಂದೇ. ಹೀಗೇ ಗಟ್ಟಿ ಮಾಡಿ ಕೊಟ್ಟರೆ ಅಮ್ಮ ಹಾಕಿಕೊಳ್ಳುತ್ತಾಳೆ, ಚೆನ್ನಾಗಿದೆ ಎನ್ನುತ್ತಾಳೆ, ಇನ್ನೊಮ್ಮೆ ಅಗಿಯದೆ ನುಂಗುತ್ತಾಳೆ.

ದೀಪ ಹಚ್ಚಿ, ಚಾಕು ಕಾಯಿಸಿ, ಹಲ್ಲುಗಳನ್ನು ಒಂದೊಂದಾಗಿ ಮೇಣದಿಂದ ಕಿತ್ತಳು.

ನಾಲ್ಕನೆಯ ಸಲದ ಔಷಧಿ ಬರುವ ಸೋಮವಾರವಿತ್ತು. ಅವಳು ಆಸ್ಪತ್ರೆಗೆ ಫೋನು ಮಾಡಿ ಕೇಳಿದಳು. ಒಂದು ವಾರ ತಡವಾದರೆ ನಡೆಯುತ್ತದೆ, ಒಂದೇ ವಾರ, ಎಂದರು. ಗಂಡನಿಗೆ ಹೇಳಿದಾಗ ಅವನು ಊಟದ ತಟ್ಟೆ ಸರಿಸಿದ.

"ಹಲ್ಲಿಗೋಸ್ಕರ ಔಷಧಿ ಮುಂದಕ್ಕೆ ಹಾಕ್ತಾರೇನೇ ಯಾರಾದ್ರೂ?"

"ಒಂದು ವಾರ ರೀ. ಇನ್ನೊಂದು ಸಲ ಏರಿಸಿದ್ರೆ ಕೈ ಪೂರ್ತಿ ಹೋಗುತ್ತೆ."

"ಒಂದು ವಾರ, ಒಂದು ವಾರ! ಒಂದು ವಾರ ಅಂದ್ರೆ ಈಗ ಎಷ್ಟು ಅಂತ..." ಅವನ ಬಲಗಾಲು ಮೇಜಿನ ಕೆಳಗೆ ನೆಲವನ್ನು ಒತ್ತುತ್ತಿತ್ತು. "ನಂಗೂ ಒಂದಿಷ್ಟು ದಿನ ಬೇಕಲ್ವೇನೇ?"

ಹಲ್ಲಕ್ಕ ಕೈ ಚಾಚಿ ಅವನ ಕೈ ಹಿಡಿದಳು. ಬೆರಳಿಗೆ ಅವನ ಕೈ ತಿಳಿಯಲಿಲ್ಲ. ಹಿಡಿದದ್ದು ಕಣ್ಣಿಗೆ ಮಾತ್ರ ಕಂಡಿತು. ಮರುದಿನ ಬೆಳಗ್ಗೆ ಅವನು ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಬೋರ್ಡು ಹೊತ್ತ ಕಾರಿನಲ್ಲಿ ಅವಳನ್ನು ಲ್ಯಾಬಿಗೆ ಬಿಟ್ಟ. ಆ ವಾರವಿಡೀ ಬಿಟ್ಟ.

ಆ ವಾರ ಅವಳು ಅಮ್ಮನಿಂದ ಕೇಳಿ ತಂದ ಹಳೆಯ ಸೆಟ್ಟನ್ನು ಎದುರಿಗಿಟ್ಟುಕೊಂಡು ಹೊಸದನ್ನು ಕಟ್ಟಿದಳು. ಓರೆಯನ್ನು ಕೈವಾರದಲ್ಲಿ ಅಳೆದಳು. ಎಡ ದವಡೆಹಲ್ಲು ಎಷ್ಟು ಒಳಕ್ಕೆ ವಾಲಿದೆ, ನಡುಗೆರೆ ಎಷ್ಟು ಸರಿದಿದೆ, ಸವೆದ ಹಲ್ಲಿನ ಮೇಲೆ ಯಾವ ಜಾಗ ಹೆಚ್ಚು ಹೊಳೆಯುತ್ತದೆ. ಅಳೆಯುತ್ತ ಹೋದ ಹಾಗೆ ಇಪ್ಪತ್ತೆರಡರ ಹುಡುಗಿಯೊಬ್ಬಳು ಸಿಕ್ಕಳು. ಇಲ್ಲಿ ಚಾಕು ಜಾರಿದೆ. ಇಲ್ಲಿ ಅವಸರ ಮಾಡಿದ್ದಾಳೆ. ಇಲ್ಲಿ ಒಂದು ಕೋರೆಹಲ್ಲನ್ನು, ಅಮ್ಮ ಚೆಂದ ಕಾಣಲಿ ಎಂದು, ಬೇಕಾದ್ದಕ್ಕಿಂತ ಒಂದಿಷ್ಟು ಕಡಿದು ಗುಂಡಗೆ ಮಾಡಿದ್ದಾಳೆ. ಹಲ್ಲಕ್ಕ ಅವಳನ್ನು ಬೈಯಲೂ ಇಲ್ಲ, ಕ್ಷಮಿಸಲೂ ಇಲ್ಲ. ಅವಳು ಮಾಡಿದ್ದನ್ನು ಹಾಗೇ ಮಾಡಿದಳು.

ಮೇಸ್ತ್ರಿ ಪಕ್ಕದಿಂದ ಬಗ್ಗಿ ನೋಡಿದ.

"ಅಕ್ಕಾ, ಓರೆ ಕೂತಿದೆ."

"ಗೊತ್ತು."

"ಗೊತ್ತಿದ್ದೂನಾ?"

"ಗೊತ್ತಿದ್ದೇ."

"ನೆಟ್ಟಗೆ ಮಾಡೋಕೂ ನೀವು ಇಷ್ಟು ಬೆವರಿದ್ದು ನೋಡಿರ್ಲಿಲ್ಲ" ಎಂದು ಹೇಳಿ, ಕರೆಯುವ ಮೊದಲೇ ಅವಳ ಬಟ್ಟಲಿಗೆ ತಣ್ಣೀರು ಹಾಕಿ ಪ್ಲಾಸ್ಟರ್ ಕಲಸಿದ.

ಮೇಣ ಕರಗಿ ಆ ಜಾಗಕ್ಕೆ ಗುಲಾಬಿ ಪ್ಲಾಸ್ಟಿಕ್ಕಿನ ವಸಡು ತುಂಬಿ ಗಟ್ಟಿಯಾಯಿತು. ಇನ್ನು ಪಾಲಿಶ್. ಒಳಗಡೆ ಗಸಗಸೆಯಷ್ಟು ಗಂಟಿದ್ದರೂ ವಸಡು ಹುಣ್ಣಾಗುತ್ತದೆ. ಅದನ್ನು ಹುಡುಕುವುದು ಬೆರಳ ತುದಿ. ಹಲ್ಲಕ್ಕ ಬೆರಳಾಡಿಸಿದಳು. ಎಲ್ಲೆಡೆಯೂ ಒಂದೇ, ಏನೂ ಇಲ್ಲ. ಹತ್ತಿಯ ಎಳೆ ಸವರಿದಳು. ಎರಡು ಕಡೆ ಸಿಕ್ಕಿಕೊಂಡಿತು, ಅಲ್ಲಿ ಉಜ್ಜಿದಳು. ಅದೂ ಸಾಲದೆನಿಸಿ ಸೆಟ್ಟನ್ನು ತೊಳೆದು ತನ್ನ ಕೆಳತುಟಿಯ ಮೇಲೆ ನಿಧಾನವಾಗಿ ಎಳೆದಳು. ತುಟಿ ಇನ್ನೂ ಬದುಕಿತ್ತು. ಮೂರನೆಯ ಗಂಟನ್ನು ತುಟಿ ಹುಡುಕಿಕೊಟ್ಟಿತು.

ಶನಿವಾರ ತಂಗಿಯ ಮನೆಗೆ ಅವಳೇ ಒಯ್ದಳು. ಊಟಕ್ಕೆ ಮೊದಲು ಅಮ್ಮನ ಬಾಯಿಗಿಟ್ಟಳು. ಅಮ್ಮ ಬಾಯಿ ಮುಚ್ಚಿದಳು. ದವಡೆ ತಾನಾಗಿ ಎಡಕ್ಕೆ ಸರಿಯಿತು, ಹಲ್ಲಿಗೆ ಹಲ್ಲು ಸಿಕ್ಕಿತು, ಕಿವಿಯ ಕೆಳಗಿನ ಸ್ನಾಯು ಸಡಿಲವಾಯಿತು. ಮುಖ ಮತ್ತೆ ಎಂದಿನ ಹಾಗೆ ವಾಲಿತು.

ತಂಗಿ ಸೌತೆಕಾಯಿ ಹೆಚ್ಚಿ ತಂದಳು. ಅಮ್ಮ ಒಂದು ಹೋಳು ತಿಂದಳು. ಇನ್ನೊಂದು ತಿಂದಳು. ಹಲ್ಲಿನ ಸುದ್ದಿಯನ್ನೇ ಎತ್ತದೆ, ಪಕ್ಕದ ಮನೆಯವರು ನೀರಿನ ಮೋಟಾರು ಇಡೀ ದಿನ ಓಡಿಸುತ್ತಾರೆಂದು ದೂರಿದಳು. ಮೂರನೆಯ ಹೋಳಿನ ನಡುವೆ ತಟ್ಟನೆ ನಿಂತಳು.

"ಇಲ್ಲಿ" ಎಂದು ಬಲಗೆನ್ನೆಯ ಒಳಗಡೆ ಬೆರಳಿಟ್ಟಳು. "ಇಲ್ಲಿ ಒತ್ತುತ್ತೆ. ನೋಯುತ್ತೆ."

ಹಲ್ಲಕ್ಕ ಅಮ್ಮನನ್ನು ನೋಡಿದಳು. ಮೂವತ್ತೆರಡು ವರ್ಷದಲ್ಲಿ ಅಮ್ಮ ನೋವೆಂದು ಹೇಳಿದ್ದು ಇದೇ ಮೊದಲು.

"ಎಷ್ಟು ನೋಯುತ್ತೆ?"

"ತುಂಬಾ ಏನಲ್ಲ. ಆದ್ರೆ ನೋಯುತ್ತೆ. ಸರಿ ಮಾಡ್ಕೊಡು."

"ಹಾಕ್ಕೊಂಡೇ ಇರು. ವಾರ ಬಿಟ್ಟು ನೋಡಿ ಉಜ್ಜಿ ಕೊಡ್ತೀನಿ. ಆಮೇಲೆ ತಿಂಗಳಿಗೊಂದು ಸಲ. ಆಮೇಲೆ ಆರು..." ಇದು ಸೆಟ್ಟು ತೆಗೆದುಕೊಂಡವರಿಗೆಲ್ಲ ಕೆಳಗಿನ ಡಾಕ್ಟರು ಹೇಳುವ ಮಾತು. ಮೆಟ್ಟಿಲ ಮೇಲಿಂದ ಕೇಳಿ ಕೇಳಿ ಬಾಯಿಗೆ ಬಂದಿತ್ತು. ಹಲ್ಲಕ್ಕ ಅರ್ಧಕ್ಕೆ ನಿಲ್ಲಿಸಿದಳು.

"ವಾರ ಎಲ್ಲ ಬೇಡ. ಈಗ್ಲೇ ಮಾಡು" ಎಂದಳು ಅಮ್ಮ.

ಹಲ್ಲಕ್ಕ ಚೀಲದಿಂದ ಉಜ್ಜುವ ಸಣ್ಣ ಅರ ತೆಗೆದಳು. ಅಮ್ಮ ಕೆಳಗಿನ ಸಾಲನ್ನು ತೆಗೆದು ಮಗಳ ಅಂಗೈಗಿಟ್ಟು, ಬೋಳು ಬಾಯಿ ಮುಚ್ಚಿ ಕಾದು ಕೂತಳು. ಅದು ಕೈಗೆ ಬಂದದ್ದು ಹಲ್ಲಕ್ಕನಿಗೆ ತೂಕದಿಂದಷ್ಟೇ ತಿಳಿಯಿತು. ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ಒದ್ದೆ ಅಂಚನ್ನು ತುಟಿಗೆ ಒತ್ತಿ, ನೋಯಿಸಿದ ಜಾಗ ಯಾವುದೆಂದು ಹುಡುಕತೊಡಗಿದಳು.